ಗೋಲಿಯ ತುದಿಯ ಕಲೆಗೆ ಏನನ್ನೋಣ? (ತುರ್ತು)

ಬಳ್ಳಾರಿಯಿಂದ:

ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಪದ ಬೇಕು. ಶನಿವಾರ ಇಲ್ಲಿನ ಒಂದು ಶಾಲೆಯಲ್ಲಿ ನನ್ನ ಹಳೆಯ ಗಾಜಿನ ಗೋಲಿಗಳನ್ನು ಮಕ್ಕಳಿಗೆ ತೋರಿಸಲಿಕ್ಕೆ ಇಡುತ್ತಿದ್ದೇನೆ. ಚೀಟಿಗಳು ಅಚ್ಚಿಗೆ ಹೋಗಬೇಕು, ಈ ಒಂದು ಪದಕ್ಕಾಗಿ ನಿಂತಿವೆ.

ಕೈಯಲ್ಲಿ ಮಾಡಿದ ಗೋಲಿಯ ತುದಿಯಲ್ಲಿ ಒರಟು ಕಲೆಯೊಂದು ಇರುತ್ತದೆ. ಇಂಗ್ಲಿಷಿನವರು ಪಾಂಟಿಲ್ ಅನ್ನುತ್ತಾರೆ. ಜರ್ಮನಿಯ ಲೌಶಾದಲ್ಲಿ 1846ರ ಹೊತ್ತಿಗೆ ಗೋಲಿಗೆಂದೇ ಒಂದು ಕತ್ತರಿ ಬಂತು. ಒಂದು ತೋಳಿಗೆ ಪುಟ್ಟ ಬಟ್ಟಲು, ಇನ್ನೊಂದಕ್ಕೆ ಅಲಗು. ಬಣ್ಣದ ಎಳೆ ಕೂರಿಸಿದ ಕಾದ ಗಾಜಿನ ಕೋಲನ್ನು ಬಟ್ಟಲಲ್ಲಿ ಹೊರಳಿಸಿ ದುಂಡಗೆ ಮಾಡಿ, ಕೋಲಿನಿಂದ ಬಿಡಿಸುತ್ತಿದ್ದರು. ಬಿಡಿಸಿದ ಜಾಗದ ಗುರುತೇ ಈ ಕಲೆ.

ಒಂದನ್ನು ಮುಂದೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಕೌಲ್‌ಬಜಾರಿನ ಗುಜರಿ ಅಂಗಡಿಯಲ್ಲಿ ಮೊಳೆ, ತಿರುಪುಗಳ ಡಬ್ಬಿಯ ತಳದಲ್ಲಿ ಸಿಕ್ಕಿದ್ದು. ನಡುವೆ ಬಿಳಿ ಎಳೆಗಳ ಜಾಲರಿ, ಅದರಾಚೆ ಕೆಂಪು, ಹಸಿರು ಪಟ್ಟಿ. ಉಗುರು ಓಡಿಸಿದರೆ ಮೈಯೆಲ್ಲ ನುಣುಪು, ಎರಡು ಕಡೆ ಮಾತ್ರ ತಡೆಯುತ್ತದೆ. ಎಳೆಗಳೆಲ್ಲ ಅಲ್ಲಿಗೇ ಬಂದು ಕೂಡುತ್ತವೆ. ಅದನ್ನು ಏನನ್ನಲಿ?

ಮೈಸೂರಿನಿಂದ:

ಮೊದಲು ಗೋಲಿ ಅನ್ನುವ ಪದವನ್ನೇ ತೆಗೆಯಿರಿ. ಉತ್ತರದಿಂದ ಬಂದದ್ದು, ಬೇರು ಸಂಸ್ಕೃತದ ಗೋಲ. ಗುಂಡು ನಮ್ಮದು, ತಮಿಳು, ತೆಲುಗಿನಲ್ಲೂ ಇದೆ. ಗುಂಡುಕಲ್ಲು, ಗುಂಡುಸೂಜಿ, ರುಬ್ಬುಗುಂಡು ಇರುವಾಗ ಗಾಜುಗುಂಡು ಯಾಕಾಗದು? ಕಲೆಗೆ 'ಕಡಿಗುರುತು' ಸಾಕು. ಚರ್ಚೆ ಮಾಡುವಂಥದ್ದೇನಿಲ್ಲ.

ರಾಯಚೂರಿನಿಂದ:

ಇದೆ ಸರ್. ಗುಂಡು ಅಂದಕೂಡಲೇ ನಮ್ಮ ಕಡೆ ಬಂದೂಕಿನ ಗುಂಡು. ಶಾಲೆಯ ಬಾಗಿಲಿಗೆ 'ಹಳೆಯ ಗುಂಡುಗಳು' ಅಂತ ಬರೆದು ಹಾಕಲಿಕ್ಕಾಗುತ್ತದೆಯೇ? ಇನ್ನು ನಿಮ್ಮ ಗಾಜು ಎಲ್ಲಿಯದು? ಕಾಚದ ತದ್ಭವ. ಗೋಲವನ್ನು ಹೊರಗಟ್ಟಿ ಕಾಚವನ್ನು ಒಳಗೆ ಕೂರಿಸಿಕೊಳ್ಳುವುದು ಯಾವ ನ್ಯಾಯ?

ನಾವು 1956ರವರೆಗೆ ಹೈದರಾಬಾದಿನ ಜೊತೆ ಇದ್ದವರು, ಬಳ್ಳಾರಿಯವರು 1953ರವರೆಗೆ ಮದ್ರಾಸಿನ ಜೊತೆ. ನಮ್ಮ ಬಾಯಲ್ಲಿ ಉರ್ದು ಇದೆ, ಅವರ ಬಾಯಲ್ಲಿ ತೆಲುಗು ಇದೆ. ಅದನ್ನೆಲ್ಲ ತೊಳೆದುಕೊಂಡು ಬಂದರಷ್ಟೇ ಕನ್ನಡ ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಸೋಡಾ ಬಾಟಲಿಯ ಕೊರಳಲ್ಲಿ ಕೂತದ್ದೂ ಗೋಲಿಯೇ. ಆ ಬಾಟಲಿಗೆ 1872ರಲ್ಲಿ ಪೇಟೆಂಟ್ ಪಡೆದ ಹಿರಮ್ ಕಾಡ್‌ನ ಹೆಸರು ನಮ್ಮೂರಲ್ಲಿ ಯಾರ ಬಾಯಲ್ಲೂ ಉಳಿಯಲಿಲ್ಲ, ಗೋಲಿಸೋಡಾ ಉಳಿಯಿತು. ಪದ ಬೇರೂರಿದ್ದು ಅಂದರೆ ಇದೇ.

ಮೈಸೂರಿನಿಂದ:

ತದ್ಭವವಾದ ಮೇಲೆ ಅದು ಕನ್ನಡ. ವ್ಯಾಕರಣ ಬರೆದ ಕೇಶಿರಾಜ ಸುಮಾರು 1260ರಲ್ಲೇ ಅಪಭ್ರಂಶಕ್ಕೆ, ಅಂದರೆ ತದ್ಭವಕ್ಕೆ, ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ, ಓದಿ ಬನ್ನಿ. ಬಾಯಿಗೆ ಬಂದದ್ದನ್ನೆಲ್ಲ ನಿಘಂಟಿಗೆ ತುರುಕಬೇಡಿ.

ಕೊಪ್ಪಳದಿಂದ:

ಅವರು ಕೇಳಿದ್ದು ಕಲೆಯ ಹೆಸರು. ನೀವಿಬ್ಬರೂ ಗೋಲಿ ಹಿಡಿದುಕೊಂಡು ಕೂತಿದ್ದೀರಿ, ಅವರಿಗೆ ನಾಳೆಯೇ ಬೇಕು.

ನಮ್ಮವ್ವ ಗಾಜಿನ ಗೋಲಿ ಕೊಳ್ಳಲಿಕ್ಕೆ ದುಡ್ಡಿಲ್ಲದೆ ಗಜಗದ ಬೀಜದಲ್ಲಿ ಆಡಿದವಳು. ಬೂದುಬಣ್ಣದ ಆ ಬೀಜವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಕಾಯಿಯೊಳಗೆ ಅಂಟಿಕೊಂಡಿದ್ದ ಕಡೆ ಸಣ್ಣದೊಂದು ಕಲೆ ಇರುತ್ತದೆ. "ತೊಟ್ಟು ಮ್ಯಾಲ ಮಾಡಿ ಹಿಡಿ, ಬೆರಳು ಜಾರೂದಿಲ್ಲ" ಅನ್ನುತ್ತಿದ್ದಳು. ಬದನೆಗೆ, ಮಾವಿಗೆ, ಎಲೆಗೆ ಇರುವ ತೊಟ್ಟೇ. ಎಲ್ಲಿಂದಲೋ ಬಿಡಿಸಿಕೊಂಡದ್ದು ಅನ್ನುವ ಅರ್ಥ ತಾನಾಗಿ ಬರುತ್ತದೆ, ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಹೊಕ್ಕಳು ಅಂತಲೂ ಯೋಚಿಸಿದೆ. ಆದರೆ ಹೊಕ್ಕಳು ಯಾರಿಗಿದ್ದರೂ ಒಂದೇ, ಇವರ ಗೋಲಿಗೆ ಕಲೆ ಎರಡು.

ಮೈಸೂರಿನಿಂದ:

ಹಣ್ಣಿಗೂ ತೊಟ್ಟು ಒಂದೇ. ಇವರ ಗೋಲಿಗೆ ಎರಡು. ಹೊಂದದು.

ಬಳ್ಳಾರಿಯಿಂದ:

ಕೊಪ್ಪಳದ ಅಕ್ಕಾ, ನಿಮ್ಮ ಪದವನ್ನೇ ಇಟ್ಟುಕೊಂಡೆ. ಎರಡರ ಮಾತಿಗೆ ಉತ್ತರ ಗೋಲಿಯಲ್ಲೇ ಇದೆ ಸರ್. ಕೋಲಿನ ನಡುಭಾಗದಿಂದ ಬಂದ ಗೋಲಿಗೆ ಎರಡೂ ಕಡೆ ಕಲೆ, ಕೋಲಿನ ಕೊನೆಯಿಂದ ಬಂದದ್ದಕ್ಕೆ ಒಂದೇ ಕಡೆ. ಜೋಡಿ ತೊಟ್ಟು, ಒಂಟಿ ತೊಟ್ಟು ಅಂತ ಬರೆದರೆ ಆ ವ್ಯತ್ಯಾಸವೂ ಚೀಟಿಯಲ್ಲಿ ಬಂತು.

ಕಡಿಗುರುತನ್ನು ನಾನು ಬಿಟ್ಟಿಲ್ಲ, ಅದು ಬೇರೆ ಕಡೆ ಬೇಕು. ಅಮೆರಿಕದ ಆಕ್ರನ್‌ನಲ್ಲಿ ಮಾರ್ಟಿನ್ ಕ್ರಿಸ್ಟೆನ್ಸೆನ್ ಗೋಲಿ ಮಾಡುವ ಯಂತ್ರಕ್ಕೆ 1905ರಲ್ಲಿ ಪೇಟೆಂಟ್ ಪಡೆದ. ಆ ಕಾಲದ ಯಂತ್ರಕ್ಕೆ ಕಾದ ಗಾಜನ್ನು ಮನುಷ್ಯರೇ ತುಂಡರಿಸಿ ಹಾಕುತ್ತಿದ್ದರು, ಅದರ ಗೆರೆ ಗೋಲಿಯ ಮೇಲೆ ಉಳಿದಿದೆ. ಅದಕ್ಕೆ ಕಡಿಗುರುತು ಸರಿಯಾಗಿ ಕೂರುತ್ತದೆ. ಎರಡಕ್ಕೂ ಅದೇ ಹೆಸರಿಟ್ಟರೆ ಕೈಗೋಲಿ ಯಾವುದು, ಯಂತ್ರದ ಗೋಲಿ ಯಾವುದು ಎಂದು ಹೇಳಲಿಕ್ಕೇ ಆಗುವುದಿಲ್ಲ. ಸಂಗ್ರಹ ಮಾಡುವವರು ಮೊದಲು ನೋಡುವುದೇ ಇದನ್ನು.

ನನ್ನ ಹೊಟ್ಟೆಯುರಿಯೂ ಇಲ್ಲಿಯದೇ. ಒಳ್ಳೆಯದೊಂದು ಜೋಡಿ ತೊಟ್ಟಿನ ಗೋಲಿಯಲ್ಲಿ ಸಣ್ಣ ಗೀರು ಇತ್ತು, ಒಬ್ಬರ ಕೈಗೆ ಕೊಟ್ಟೆ. ತೆಗೆಯಿರಿ ಅಂದದ್ದು ಗೀರನ್ನು. ಅವರು ಕಲೆ ಅಂದರೆ ಕೊಳೆ ಅಂದುಕೊಂಡು ತೊಟ್ಟು ಸಮೇತ ಉಜ್ಜಿ ಕೊಟ್ಟರು. ಕನ್ನಡಿಯ ಹಾಗೆ ಹೊಳೆಯಿತು, ಎಲ್ಲಿಂದ ಬಂತು ಅನ್ನುವ ಗುರುತೇ ಹೋಯಿತು. ಅವತ್ತು 'ತೊಟ್ಟು ಮುಟ್ಟಬೇಡಿ' ಅನ್ನುವ ಎರಡು ಮಾತು ನನ್ನ ಬಾಯಲ್ಲಿ ಇರಲಿಲ್ಲ. ಅದನ್ನೂ ಶನಿವಾರ ಇಡುತ್ತೇನೆ.

ಗೋಲಿ ಗೋಲಿಯಾಗಿಯೇ ಇರುತ್ತದೆ. ಗೋಲಿಗೆ, ಗೋಲಿಯಿಂದ, ಗೋಲಿಯಾಟ ಎಂದು ನಮ್ಮ ಪ್ರತ್ಯಯ ಹತ್ತಿಸಿಕೊಂಡು, ನಮ್ಮ ಸಮಾಸದಲ್ಲಿ ನಿಂತ ಪದವನ್ನು ಆಡಿ ಬೆಳೆದ ನಾನು ಹೊರಗೆ ಹಾಕಲಾರೆ. ಬಣ್ಣದ ಎಳೆಗಳ ತಿರುವಿಗೆ 'ಸುಳಿ' ಇಟ್ಟಿದ್ದೇನೆ, ಅದಕ್ಕೆ ಮೈಸೂರಿನವರೂ ಒಪ್ಪುತ್ತಾರೆಂದು ನಂಬಿದ್ದೇನೆ. ಒಂದು ಚೀಟಿ ಹೀಗಿದೆ:

'ಕೈಗೋಲಿ. ಬಿಳಿ ಜಾಲರಿ, ಹೊರಗೆ ಕೆಂಪು-ಹಸಿರು ಸುಳಿ. ಜೋಡಿ ತೊಟ್ಟು.'

ಕೊನೆಯದೊಂದು. 1950ರ ದಶಕದಲ್ಲಿ ಜಪಾನಿನಿಂದ ಹಬ್ಬಿದ, ಒಳಗೆ ಬಣ್ಣದ ಎಸಳಿರುವ ಗೋಲಿಗೆ 'ಬೆಕ್ಕಿನ ಕಣ್ಣು' ಅಂತ ಬರೆದಿದ್ದೇನೆ. ಯಾರಾದರೂ ವೈಡೂರ್ಯ ಅನ್ನುವ ಮೊದಲೇ ಹೇಳಿಬಿಡುತ್ತೇನೆ, ಅದು ರತ್ನದ ಹೆಸರು, ಮಕ್ಕಳು ಮನೆಗೆ ಹೋಗಿ ರತ್ನ ನೋಡಿದೆವು ಅಂದಾರು. ಇದಕ್ಕಿಂತ ಚಿಕ್ಕ ಹೆಸರು ಹೊಳೆದರೆ ಬೆಳಿಗ್ಗೆ ಹನ್ನೊಂದರೊಳಗೆ ಬರೆಯಿರಿ, ಆಮೇಲೆ ಅಚ್ಚಿಗೆ ಕಳಿಸುತ್ತೇನೆ.