23 ಅಡಿಯ ಹಾಯಿದೋಣಿಯನ್ನು ಬೆಂಗಳೂರಿನಿಂದ ಮಂಗಳೂರಿಗೆ ಒಯ್ಯಲು ಎಂಥ ಟ್ರೇಲರ್ ಬೇಕು?

ಪ್ರಶ್ನೆ

ನಮಸ್ಕಾರ. ನನ್ನ ಬಳಿ ನಾಲ್ವರು ಮಲಗಬಹುದಾದ ಕ್ಯಾಬಿನ್ ಇರುವ, ಕೀಲನ್ನು (ದೋಣಿಯ ತಳದಿಂದ ನೀರಿನೊಳಗೆ ಇಳಿಯುವ ಭಾರದ ಹಲಗೆಯನ್ನು) ಮೇಲೆತ್ತಬಹುದಾದ 23 ಅಡಿಯ ಫೈಬರ್ ಹಾಯಿದೋಣಿ ಇದೆ. ಕೈಪಿಡಿಯಲ್ಲಿ ಅದರ ತೂಕ 1,150 ಕೆ.ಜಿ. ಎಂದಿದೆ. ದೋಣಿಯ ಜೊತೆಗೇ ಬಂದ ಹಳೆಯ ಟ್ರೇಲರ್‌ಗೆ ಒಂದೇ ಆಕ್ಸಲ್, ಅಂದರೆ ಎರಡೇ ಚಕ್ರಗಳ ಒಂದು ಅಚ್ಚು. ಮಳೆಗಾಲ ಮುಗಿದ ಮೇಲೆ ದೋಣಿಯನ್ನು ಮಂಗಳೂರಿಗೆ ಒಯ್ದು, ಅಲ್ಲಿಂದ ಕರಾವಳಿಯ ಗುಂಟ ಕಾರವಾರದವರೆಗೆ ಹೋಗಬೇಕೆಂಬುದು ನನ್ನ ಮತ್ತು ನನ್ನ ಪತ್ನಿಯ ಬಹುದಿನದ ಆಸೆ. ಕಳೆದ ಭಾನುವಾರ ನೆಲಮಂಗಲದಿಂದ ಕುಣಿಗಲ್‌ವರೆಗೆ ಎಳೆದು ನೋಡಿದೆವು. ವೇಗ 60 ಕಿ.ಮೀ. ದಾಟಿದೊಡನೆ ಟ್ರೇಲರ್ ಎಡಕ್ಕೂ ಬಲಕ್ಕೂ ತೂಗಾಡತೊಡಗಿ, ಪಿಕಪ್ಪಿನ ಹಿಂಭಾಗವನ್ನೇ ಎಳೆದಾಡಿತು. ಕುಣಿಗಲ್‌ನಲ್ಲಿ ನಿಲ್ಲಿಸಿ ಮುಟ್ಟಿದರೆ ಟೈರಿನ ಪಕ್ಕೆ ಕೈ ಇಡಲಾಗದಷ್ಟು ಕಾದಿತ್ತು. ಪೀಣ್ಯದ ಫ್ಯಾಬ್ರಿಕೇಟರ್ ಒಬ್ಬರು ಟೈರ್ ಬದಲಿಸಿದರೆ ಸಾಕು ಎನ್ನುತ್ತಾರೆ. ಹೊಸ ಟ್ರೇಲರ್ ಕೊಳ್ಳಲೇಬೇಕೇ?

ಉತ್ತರ

ಸರ್, ಮೊದಲು ತೂಕ ಮಾಡಿಸಿ. ಕೈಪಿಡಿಯಲ್ಲಿರುವುದು ಬರಿದಾದ ದೋಣಿಯ ತೂಕ. ಔಟ್‌ಬೋರ್ಡ್ ಎಂಜಿನ್, ಬ್ಯಾಟರಿ, ಲಂಗರು ಮತ್ತು ಅದರ ಸರಪಳಿ, ಹಾಯಿಗಳು, ಪಾತ್ರೆ ಪಡಗ ಎಲ್ಲವೂ ಅದರ ಮೇಲೆ ಸೇರುತ್ತವೆ. 100 ಲೀಟರ್ ನೀರು ತುಂಬಿದರೆ ಅದೇ 100 ಕೆ.ಜಿ. ಪ್ರವಾಸಕ್ಕೆ ಹೊರಡುವಂತೆಯೇ ಎಲ್ಲವನ್ನೂ ತುಂಬಿ, ಹತ್ತಿರದ ವೇ ಬ್ರಿಡ್ಜ್‌ಗೆ ನಿಧಾನವಾಗಿ ಒಯ್ದು, ಪಿಕಪ್ಪಿನಿಂದ ಬಿಡಿಸಿ ದೋಣಿ ಹೊತ್ತ ಟ್ರೇಲರನ್ನಷ್ಟೇ ತೂಗಿಸಿ. ಬಳಿಕ ಸಮತಟ್ಟಾದ ಜಾಗದಲ್ಲಿ, ಟ್ರೇಲರನ್ನು ಪಿಕಪ್ಪಿಗೆ ಸೇರಿಸುವ ಕೊಂಡಿಯ ಕೆಳಗೆ ಅಕ್ಕಿ ಮಂಡಿಯಲ್ಲಿರುವಂಥ ಪ್ಲಾಟ್‌ಫಾರ್ಮ್ ತಕ್ಕಡಿಯನ್ನಿಟ್ಟು, ಮರದ ತುಂಡೊಂದನ್ನು ಆನಿಸಿ, ಕೊಂಡಿಯ ಮೇಲಿನ ಭಾರವೆಷ್ಟೆಂದು ನೋಡಿ. ಟೈರಿನ ಪಕ್ಕೆಯಲ್ಲಿರುವ ಭಾರದ ಸಂಖ್ಯೆಯನ್ನೂ ತಯಾರಿಕೆಯ ನಾಲ್ಕಂಕಿಗಳನ್ನೂ ತಿಳಿಸಿ.

ಪ್ರಶ್ನೆ ಕೇಳಿದವರು

ತೂಗಿಸಿದೆ. ಒಟ್ಟು 2,000 ಕೆ.ಜಿ. ಬಂದಿತು, ನಾನು 1,600 ಎಂದುಕೊಂಡಿದ್ದೆ. ಕೊಂಡಿಯ ಮೇಲೆ 50 ಕೆ.ಜಿ. ಮಾತ್ರ ಇದೆ. ಟೈರಿನ ಮೇಲೆ ಭಾರದ ಸಂಖ್ಯೆ 98, ತಯಾರಿಕೆ 3115.

ಉತ್ತರ

ಹಾಗಾದರೆ ಕಾರಣಗಳೆರಡೂ ಸಿಕ್ಕಂತಾಯಿತು. 98 ಎಂದರೆ ಒಂದು ಟೈರು ಹೊರಬಲ್ಲದ್ದು 750 ಕೆ.ಜಿ.; ನಿಮ್ಮ ಒಂದೊಂದು ಟೈರಿನ ಮೇಲೂ ಈಗ 975 ಕೆ.ಜಿ. ಕುಳಿತಿದೆ. ಜೊತೆಗೆ ಅವು 2015ರ 31ನೆಯ ವಾರದಲ್ಲಿ ತಯಾರಾದವು. ಮೇಲೆ ಸವೆತ ಕಾಣದಿದ್ದರೂ ಅಷ್ಟು ಹಳೆಯ ರಬ್ಬರನ್ನು ನಂಬಬಾರದು. ತೂಗಾಟಕ್ಕೆ ಕಾರಣ ಕೊಂಡಿಯ ಮೇಲೆ ಭಾರ ಸಾಲದಿರುವುದು. ಇಂಥ ಟ್ರೇಲರ್‌ಗೆ ಒಟ್ಟು ತೂಕದ ಸುಮಾರು 7 ಶೇಕಡಾ, ಎಂದರೆ 140 ಕೆ.ಜಿ.ಯಷ್ಟು, ಕೊಂಡಿಯ ಮೇಲೆ ಬೀಳಬೇಕು. ಅಷ್ಟನ್ನು ನಿಮ್ಮ ಪಿಕಪ್ಪಿನ ಕೊಂಡಿ ತಾಳುತ್ತದೆಯೇ ಎಂಬುದನ್ನು ವಾಹನದ ಕೈಪಿಡಿಯಲ್ಲಿ ನೋಡಿಕೊಳ್ಳಿ. ಎಂಜಿನ್ನು, ಪೆಟ್ರೋಲ್ ಕ್ಯಾನುಗಳು ಹಿಂದೆಯೇ ಇದ್ದರೆ ಮುಂಭಾಗ ಹಗುರಾಗಿ, ಹಿಂಭಾಗ ಲೋಲಕದಂತೆ ಆಡುತ್ತದೆ. ಟೈರ್ ಬದಲಿಸಿದರೆ ಇದು ನಿಲ್ಲುವುದಿಲ್ಲ, ಹಳೆಯ ಆಕ್ಸಲ್ಲಿಗೂ ಹೊಸ ಬಲ ಬರುವುದಿಲ್ಲ.

ಆದ್ದರಿಂದ ಎರಡು ಆಕ್ಸಲ್ಲಿನ, ಕನಿಷ್ಠ 2,500 ಕೆ.ಜಿ. ಸಾಮರ್ಥ್ಯದ ಟ್ರೇಲರನ್ನೇ ಕೊಳ್ಳಿ. ಒಟ್ಟು ತೂಕ ಈಗಿನಷ್ಟೇ ಇದ್ದರೆ ಟೈರೊಂದಕ್ಕೆ 465 ಕೆ.ಜಿ. ಬೀಳುತ್ತದೆ, ಒಂದು ಸಿಡಿದರೂ ಉಳಿದವು ಟ್ರೇಲರನ್ನು ನಿಲ್ಲಿಸಿಕೊಳ್ಳುತ್ತವೆ. ಇಕ್ಕಟ್ಟಿನ ತಿರುವಿನಲ್ಲಿ ಟೈರುಗಳು ನೆಲಕ್ಕೆ ಉಜ್ಜುತ್ತವೆ, ಅಂಗಳದಲ್ಲಿ ಕೈಯಿಂದ ತಳ್ಳಲಾಗುವುದಿಲ್ಲ, ಅಷ್ಟನ್ನು ಸಹಿಸಬೇಕು. ಆಕ್ಸಲ್‌ಗಳನ್ನು ಚೌಕಟ್ಟಿಗೆ ವೆಲ್ಡ್ ಮಾಡದೆ ಬೋಲ್ಟ್‌ನಿಂದ ಕೂರಿಸಿರುವುದನ್ನು ಕೇಳಿ ಪಡೆಯಿರಿ. ಭಾರ ಸರಿಹೊಂದಿಸಲು ದೋಣಿಯನ್ನೋ ಆಕ್ಸಲ್ಲನ್ನೋ 30 ಸೆಂ.ಮೀ.ನಷ್ಟು ಸರಿಸಬೇಕಾಗಿ ಬರಬಹುದು, ಆಗ ಸ್ಪ್ಯಾನರ್ ಒಂದೇ ಸಾಕು.

ನನಗೆ ಎಲ್ಲಕ್ಕಿಂತ ಹೆಚ್ಚಿನ ಆತಂಕವಿರುವುದು ಬ್ರೇಕಿನ ವಿಷಯದಲ್ಲಿ. ಸುಮಾರು 900 ಮೀಟರ್ ಎತ್ತರದ ಸಕಲೇಶಪುರ ದಾಟಿದ ಮೇಲೆ ಶಿರಾಡಿ ಘಾಟಿ ಗುಂಡ್ಯದವರೆಗೂ ಇಳಿಯುತ್ತಲೇ ಹೋಗುತ್ತದೆ. ಟ್ರೇಲರ್‌ನಲ್ಲಿ ಸಾಮಾನ್ಯವಾಗಿ ಇರುವುದು ತಳ್ಳುಬಲದ ಬ್ರೇಕು: ಮುಂದಿನ ವಾಹನ ನಿಧಾನಿಸಿದಾಗ ಹಿಂದಿನ ಭಾರ ಕೊಂಡಿಯನ್ನು ಒತ್ತುತ್ತದೆ, ಕೊಂಡಿ ಒಳಸರಿದು ಬ್ರೇಕ್ ಹಿಡಿಯುತ್ತದೆ. ಘಾಟಿಯಲ್ಲಿ ಆ ಒತ್ತಡ ಬಿಡದೆ ಇರುವುದರಿಂದ ಚಕ್ರದೊಳಗಿನ ಬ್ರೇಕ್ ಡ್ರಮ್ ಒಂದೇ ಸಮನೆ ಉಜ್ಜಿ ಕಾಯುತ್ತದೆ, ಕಾದಷ್ಟೂ ಹಿಡಿತ ಕಳೆದುಕೊಳ್ಳುತ್ತದೆ. ಹಾಗಾಗಿ ನಾಲ್ಕೂ ಚಕ್ರಗಳಿಗೆ ಬ್ರೇಕ್ ಇರುವ ಟ್ರೇಲರನ್ನೇ ಆರಿಸಿ. ಸಕಲೇಶಪುರದ ಆಚೆಯ ದೋಣಿಗಳಾಲ್‌ನಲ್ಲೇ ಎರಡನೇ ಗೇರಿಗೆ ಇಳಿಸಿ, ಬ್ರೇಕನ್ನು ಒತ್ತಿಹಿಡಿಯದೆ ಆಗಾಗ ಗಟ್ಟಿಯಾಗಿ ಒತ್ತಿ ಬಿಡುತ್ತಾ ಇಳಿಯಿರಿ. ರಸ್ತೆಯ ಅಂಚು ಅಗಲವಿರುವಲ್ಲಿ ನಿಲ್ಲಿಸಿ, ಮುಂಗೈಯನ್ನು ಚಕ್ರದ ನಡುವಿನ ಹಬ್ಬಿನ (ಬೇರಿಂಗ್ ಕೂರುವ ಗುಂಬದ) ಹತ್ತಿರ ಹಿಡಿದು ಶಾಖ ನೋಡಿ; ಒಂದು ಚಕ್ರ ಮಾತ್ರ ಹೆಚ್ಚು ಕಾದಿದ್ದರೆ ಬೇರಿಂಗ್ ಅಥವಾ ಬ್ರೇಕ್ ಕಚ್ಚಿಕೊಂಡಿದೆ ಎಂದರ್ಥ.

ಇನ್ನೊಬ್ಬರ ಉತ್ತರ

ಮೇಲಿನವರು ಹೇಳಿದ್ದೆಲ್ಲ ಸರಿ. ಕೀಲಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಕೀಲನ್ನು ಅದರ ಹಗ್ಗಕ್ಕೇ ನೇತುಬಿಟ್ಟು ಒಯ್ಯಬೇಡಿ; ಟ್ರೇಲರಿನ ನಡುತೊಲೆಯ ಮೇಲೆ ಕೂರಿಸಿ. ದೋಣಿಯ ಮುಖ್ಯ ಭಾರವೂ ಆ ನಡುಭಾಗದ ಮೇಲೆಯೇ ನಿಲ್ಲಬೇಕು. ಪಕ್ಕದ ಪ್ಯಾಡುಗಳು ದೋಣಿ ವಾಲದಂತೆ ಹಿಡಿಯುವುದಕ್ಕಷ್ಟೇ. ಅವುಗಳ ಮೇಲೆ ಭಾರ ಬಿದ್ದು ಫೈಬರ್ ತಗ್ಗಿ ಬಿರುಕು ಬಿಟ್ಟಿದ್ದನ್ನು ನನ್ನ ದೋಣಿಯಲ್ಲೇ ಕಂಡಿದ್ದೇನೆ. ಟ್ರೇಲರ್‌ಗೂ ಪ್ರತ್ಯೇಕ ನೋಂದಣಿ ಬೇಕು. ಅದರ ಮೇಲೆ ಎಳೆಯುವ ವಾಹನದ ಸಂಖ್ಯೆಯೂ ಕಾಣಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಎರಡು ಆಕ್ಸಲ್ಲಿನದೇ ಎಂದು ತೀರ್ಮಾನಿಸಿದ್ದೇವೆ. ಉಪ್ಪುನೀರಿಗೆ ಇಳಿಸುವುದರಿಂದ ತೊಂದರೆಯಾಗುವುದೇ?

ಉತ್ತರ

ಆಗುತ್ತದೆ. ಕಾದ ಹಬ್ಬನ್ನು ತಣ್ಣೀರಿಗಿಳಿಸಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ. ವರ್ಷಕ್ಕೊಂದೆರಡು ಸಲದ ಮಾತಾದರೆ ಕ್ರೇನಿನಿಂದಲೇ ದೋಣಿಯನ್ನು ಇಳಿಸಿ, ಟ್ರೇಲರ್ ಒಣಗಿಯೇ ಇರಲಿ. ಇಳಿಸಲೇಬೇಕಾದರೆ ಹಬ್ ಪೂರ್ತಿ ತಣಿದ ಮೇಲೆ ಇಳಿಸಿ, ಮೇಲೆ ಬಂದೊಡನೆ ಡ್ರಮ್ಮಿನ ಒಳಗೂ ಸಿಹಿನೀರು ಹಾಯಿಸಿ. ಗ್ಯಾಲ್ವನೈಸ್ ಮಾಡಿದ, ಎರಡೂ ತುದಿ ತೆರೆದಿರುವ ಸಿ ಚಾನಲ್ (ಇಂಗ್ಲಿಷಿನ C ಅಕ್ಷರದಂತೆ ಒಂದು ಬದಿ ತೆರೆದ ಪಟ್ಟಿ) ಚೌಕಟ್ಟಾದರೆ ತೊಳೆದ ನೀರು ಹರಿದುಹೋಗುತ್ತದೆ. ಮುಚ್ಚಿದ ಚೌಕ ಕೊಳವೆಯಲ್ಲಿ ಉಪ್ಪು ಒಳಗೇ ಉಳಿದು, ಹೊರಗೆ ಕಾಣದಂತೆ ಕಬ್ಬಿಣವನ್ನು ತಿನ್ನುತ್ತದೆ. ಗ್ರೀಸ್ ತುಂಬಿ, ಬೇರಿಂಗ್ ಕೂರಿಸಿದ ಹಬ್ ಒಂದನ್ನು ಸ್ಟೆಪ್ನಿಯ ಜೊತೆ ಇಟ್ಟುಕೊಳ್ಳಿ. ನಿಮ್ಮ ಆಕ್ಸಲ್ಲಿನ ಅಳತೆಯದು ಹಾಸನದಲ್ಲೋ ಸಕಲೇಶಪುರದಲ್ಲೋ ಥಟ್ಟನೆ ಸಿಗುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ.