ಕೋಮೋ ಸರೋವರದ ದಡದಲ್ಲಿ ಮದುವೆ: ಮಾಡಿದವರು ಅನುಭವ ಹೇಳಿ

ಜಯನಗರದ ಅಮ್ಮ:
ಎಲ್ಲರಿಗೂ ನಮಸ್ಕಾರ. ಮುಂದಿನ ಸೆಪ್ಟೆಂಬರ್‌ನಲ್ಲಿ ಮಗಳ ಮದುವೆ. ಹುಡುಗ ಮಿಲಾನ್‌ನಲ್ಲಿ ಕೆಲಸದಲ್ಲಿದ್ದಾನೆ. ಇಬ್ಬರಿಗೂ ಇಟಲಿಯ ಕೋಮೋ ಸರೋವರದ ದಡದಲ್ಲೇ ಆಗಬೇಕಂತೆ. ಒಟ್ಟು 60 ಜನ, ಅದರಲ್ಲಿ 40 ಜನ ಬೆಂಗಳೂರಿನಿಂದ. ವರೆನ್ನಾದಲ್ಲಿ ಒಂದು, ಲೆನ್ನೋದಲ್ಲಿ ಒಂದು ವಿಲ್ಲಾ ನೋಡಿಟ್ಟಿದ್ದಾರೆ. ಯಾವ ದಡ ಒಳ್ಳೆಯದು? ಧಾರೆ ಅಲ್ಲೇ ಇಟ್ಟುಕೊಳ್ಳಬಹುದಾ, ಇಲ್ಲೇ ಮುಗಿಸಿಕೊಂಡು ಹೋಗಬೇಕಾ? ಮಾಡಿದವರು ದಯವಿಟ್ಟು ಹೇಳಿ.

ಬಸವನಗುಡಿ ಬೀಗರು:
ನಮ್ಮ ಮಗನ ಮದುವೆ ಟ್ರೆಮೆಜ್ಜೋ ಕಡೆ ಆಯಿತು. ಆ ಬಿಲ್‌ಗಳ ಫೈಲ್ ಇವತ್ತಿಗೂ ಬೀರುವಿನಲ್ಲಿದೆ. ವಿಲ್ಲಾ ಬಾಡಿಗೆ 14,000 ಯೂರೋ ಅಂದರು, ಒಪ್ಪಿಕೊಂಡೆವು. ಕೊನೆಯ ಬಿಲ್‌ನಲ್ಲಿ ಅದರ ಮೇಲೆ 22% ಐವಿಎ ಬಂದು ಕೂತಿತ್ತು. ಅಂದರೆ ಅಲ್ಲಿನ ಜಿಎಸ್‌ಟಿ. 3,080 ಯೂರೋ! ಅಷ್ಟು ತಿಂಗಳು ಫೋನಿನಲ್ಲಿ ಮಾತಾಡಿದ ಪ್ಲಾನರ್ ಈ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಹಾಡು ಹಾಕುವುದಕ್ಕೆ ಸಿಯಾಯೆ ಅನ್ನೋ ಹಕ್ಕುಸ್ವಾಮ್ಯ ಸಂಸ್ಥೆಗೆ ಬೇರೆ ಶುಲ್ಕ. ರಾತ್ರಿ 11ಕ್ಕೆ ಸ್ಪೀಕರ್ ಬಂದ್. ಅದಕ್ಕೂ ದುಡ್ಡು ಕಟ್ಟಿದ್ದೆವು ಅಂತ ಯಾರೂ ಕೇಳಲಿಲ್ಲ.

ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ದೋಣಿ. ಹೆಣ್ಣಿನ ಕಡೆಯವರು ಬೆಲ್ಲಾಜಿಯೋದಲ್ಲಿ ಇಳಿದುಕೊಂಡಿದ್ದರು, ಮಂಟಪ ಆಚೆ ದಡದಲ್ಲಿ. ಮದುಮಗಳು ಬರುವ ಮರದ ದೋಣಿಗೆ 650 ಯೂರೋ. ನೆಂಟರ ದೋಣಿಗೆ ಹೋಗಿ ಬರುವುದಕ್ಕೆ 1,800. ಊಟ ತಡವಾಗಿ ರಾತ್ರಿ ವಾಪಸ್ ದೋಣಿ ಕಾದಿದ್ದಕ್ಕೆ ಮತ್ತೆ 420. ಆ ಹೊತ್ತಿಗೆ ಮಾಮೂಲಿ ಫೆರ್ರಿ ಇರಲಿಲ್ಲ, ಹೇಳಿದಷ್ಟು ಕೊಡಲೇಬೇಕು.

ಇಲ್ಲಿಂದ ಹಣ ಕಳಿಸುವಾಗ ಬ್ಯಾಂಕಿನವರು ಟಿಸಿಎಸ್ ಅನ್ನೋ ತೆರಿಗೆ ಮುಂಗಡವಾಗಿ ಹಿಡಿಯುತ್ತಾರೆ. ನಮ್ಮ ಕಾಲಕ್ಕೆ 7 ಲಕ್ಷದ ಮಿತಿ ಇತ್ತು, 2025ರ ಏಪ್ರಿಲ್‌ನಿಂದ 10 ಲಕ್ಷ ಆಗಿದೆ. ದಾಟಿದ ಮೊತ್ತಕ್ಕೆ 20%. ರಿಟರ್ನ್ಸ್ ಹಾಕಿದಾಗ ಸರಿಹೊಂದುತ್ತದೆ ನಿಜ. ಆದರೆ ಮದುವೆ ಹೊತ್ತಿಗೆ ಆ ದುಡ್ಡು ಕೈಯಲ್ಲಿರುವುದಿಲ್ಲ ಅಲ್ವಾ?

ಹುಬ್ಬಳ್ಳಿ ಅಣ್ಣ:
ದುಡ್ಡಿನ ಮಾತು ಬಿಡ್ರಿ, ಜನ ಬಂದರೆ ತಾನೇ ಮದುವೆ. ನಮ್ಮ ತಂಗಿ ಮದುವೆಗೆ ಸೋದರಮಾವನಿಗೇ ವೀಸಾ ಸಿಗಲಿಲ್ಲ. ಅವನಿಗೆ ಹೊಲ ಇದೆ, ಅಂಗಡಿ ಇದೆ, ಎಲ್ಲ ಇದೆ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಮಾತ್ರ ದುಡ್ಡು ಕಾಣಲ್ಲ, ಯಾಕಂದರೆ ವ್ಯಾಪಾರ ಎಲ್ಲ ನಗದು. ಶೆಂಗೆನ್ ವೀಸಾ ಶುಲ್ಕ 90 ಯೂರೋ, ಅರ್ಜಿ ತಳ್ಳಿದರೂ ಹೋಯಿತು. ಮೇಲೆ ಸೇವಾ ಶುಲ್ಕ, 30,000 ಯೂರೋ ಕವರೇಜ್ ಇರುವ ಇನ್ಶೂರೆನ್ಸ್, 74,000 ರೂಪಾಯಿ ಟಿಕೆಟ್. ಟಿಕೆಟ್‌ನಲ್ಲಿ ವಾಪಸ್ ಬಂದಿದ್ದು 6,200. ತಂಗಿಯನ್ನು ಹಸೆಗೆ ಕರೆತರಬೇಕಾದವನು ಹುಬ್ಬಳ್ಳಿ ಮನೆ ಪಡಸಾಲೆಯಲ್ಲಿ ಮೊಬೈಲ್ ಹಿಡಿದು ಕೂತಿದ್ದ. ನೆಟ್‌ವರ್ಕ್ ಹೋಗಿ ತಾಳಿ ಕಟ್ಟುವುದೂ ಕಾಣಲಿಲ್ಲ. ಅಮ್ಮ ಇವತ್ತಿಗೂ ಆ ಆಲ್ಬಮ್ ಮುಟ್ಟಿಲ್ಲ.

ಧಾರೆ ಊರಲ್ಲಿ ಮಾಡಿ. ಸರೋವರ ಎಲ್ಲಿಗೂ ಓಡಿಹೋಗಲ್ಲ.

ಮಿಲಾನ್ ಕನ್ನಡತಿ:
ಹುಬ್ಬಳ್ಳಿಯವರೇ, ಒಬ್ಬರಿಗೆ ವೀಸಾ ಸಿಗಲಿಲ್ಲ ಅಂತ ಎಲ್ಲರಿಗೂ ಊರಲ್ಲೇ ಮಾಡಿ ಅನ್ನಬೇಡಿ. ಪ್ರಯಾಣಕ್ಕೆ 6 ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ನಮ್ಮ ಕಡೆಯ ಎಲ್ಲರಿಗೂ ಸಿಕ್ಕಿತು, 81 ವರ್ಷದ ಅಜ್ಜಿಗೂ.

ನನ್ನ ಮದುವೆ ವರೆನ್ನಾದಲ್ಲಿ, ಪೂರ್ತಿ ಶಾಸ್ತ್ರದ ಪ್ರಕಾರ ಆಯಿತು. ಈ ಊರು ಪೂರ್ವ ದಡದಲ್ಲಿದೆ, ಮಿಲಾನ್ ಸೆಂಟ್ರಲ್‌ನಿಂದ ನೇರ ರೈಲು, ಸುಮಾರು ಒಂದು ಗಂಟೆ. ಪಶ್ಚಿಮ ದಡದ ಲೆನ್ನೋ, ಟ್ರೆಮೆಜ್ಜೋ ಕಡೆಗೆ ರೈಲೇ ಇಲ್ಲ. ರೆಜಿನಾ ಅನ್ನೋ ಹಳೇ ರಸ್ತೆ, ಎದುರು ಬಸ್ ಬಂದರೆ ಗೋಡೆಗೆ ಒರಗಿ ನಿಲ್ಲಬೇಕು. ಆದರೆ ವರೆನ್ನಾದಲ್ಲಿ ಮೆಟ್ಟಿಲು ಜಾಸ್ತಿ. ಅಜ್ಜಿಯನ್ನು ಇಬ್ಬರು ಹುಡುಗರು ಕುರ್ಚಿಯಲ್ಲಿ ಎತ್ತಿಕೊಂಡು ಇಳಿದರು.

ಸಾಮಾನಿನ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಹೊರಗಿನಿಂದ ಯುರೋಪಿಗೆ ಬರುವವರು ಬ್ಯಾಗಿನಲ್ಲಿ ತೆಂಗಿನಕಾಯಿ, ಬಾಳೆಹಣ್ಣು ತರಬಹುದು. ಮಲ್ಲಿಗೆ, ಮಾವಿನ ಎಲೆ, ವೀಳ್ಯದೆಲೆ ತರಬೇಕಾದರೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಹಾಲು, ತುಪ್ಪ ತರುವ ಹಾಗೇ ಇಲ್ಲ. ಅತ್ತೆ ಹೋಮಕ್ಕೆ ಅಂತ ಮನೆಯಲ್ಲಿ ಕಾಯಿಸಿದ ತುಪ್ಪ ತಂದಿದ್ದರು. ಹಳೇ ಹಾರ್ಲಿಕ್ಸ್ ಬಾಟಲಿ, ಮುಚ್ಚಳದ ಸುತ್ತ ಮೂರು ಸುತ್ತು ಟೇಪು, ಮೇಲೆ ಒಂದು ಹಳೇ ಪಂಚೆ ತುಂಡು. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಟೇಪು ಬಿಚ್ಚಿ, ಮೂಸಿ ನೋಡಿ, ಬಕೆಟ್‌ಗೆ ಹಾಕಿದ. ಅತ್ತೆ ಅಲ್ಲೇ ಅತ್ತರು. ವೀಳ್ಯದೆಲೆ ಮಿಲಾನ್‌ನ ಒಂದು ಶ್ರೀಲಂಕಾ ಅಂಗಡಿಯಲ್ಲಿ ಸಿಕ್ಕಿತು. ಸಣ್ಣ ಕಟ್ಟಿಗೆ 12 ಯೂರೋ.

ಬಸವನಗುಡಿ ಬೀಗರು:
ನಾವು ತುಪ್ಪ ತಂದೆವು, ಪೇಡಾ ತಂದೆವು, ಯಾರೂ ಕೇಳಲಿಲ್ಲ. ಸುಮ್ನೆ ಹೆದರಿಸಬೇಡಿ.

ಮಿಲಾನ್ ಕನ್ನಡತಿ:
ಸರ್, ನಿಮ್ಮನ್ನು ಕೇಳಲಿಲ್ಲ ಅಂದರೆ ಕಾನೂನು ಇಲ್ಲ ಅಂತಲ್ಲ. ನಿಮ್ಮ ಮಾತು ನಂಬಿ 40 ಜನ ಹಂಚಿಕೊಂಡು ತಂದರೆ ಅಷ್ಟೂ ಜನರ ಪೆಟ್ಟಿಗೆ ತೆಗೆಸುತ್ತಾರೆ. ನಾನು ಇಲ್ಲೇ ಇರುವವಳು.

ಬಸವನಗುಡಿ ಬೀಗರು:
ಇಲ್ಲೇ ಇರುವವಳು ಅಂದ ಮೇಲೆ ನಿಮ್ಮ ಖರ್ಚು ಬೇರೆ, ನಮ್ಮ ಖರ್ಚು ಬೇರೆ. ಯೂರೋದಲ್ಲಿ ಸಂಬಳ ತೆಗೆದುಕೊಳ್ಳುವವರಿಗೆ ನಮ್ಮ ಕಷ್ಟ ಗೊತ್ತಾಗುವುದಿಲ್ಲ.

ಶಿರಸಿ ಮಾಣಿ:
ಮೊದಲು ಮುಹೂರ್ತದ ವಿಷಯ ಸರಿ ಮಾಡಿಕೊಳ್ಳಿ. ನಮ್ಮ ಅಕ್ಕನ ಮದುವೆಗೆ ಬೆಂಗಳೂರಿನ ಒಬ್ಬ ಪುರೋಹಿತರು ಇಲ್ಲಿನ ಪಂಚಾಂಗ ನೋಡಿ ಮೂರೂವರೆ ಗಂಟೆ ಕಳೆದು ಸಮಯ ಕೊಟ್ಟರು. ತಿಥಿ, ನಕ್ಷತ್ರಕ್ಕೆ ಅದು ಸರಿ. ಲಗ್ನಕ್ಕೆ, ಅಂದರೆ ಆ ಹೊತ್ತಿಗೆ ಪೂರ್ವದಲ್ಲಿ ಉದಯಿಸುವ ರಾಶಿಗೆ, ಸಾಲದು. ಲಗ್ನ ಆ ಊರಿನ ಅಕ್ಷಾಂಶ, ರೇಖಾಂಶ ಇಟ್ಟುಕೊಂಡು ಲೆಕ್ಕ ಹಾಕಬೇಕು. ಕೋಮೋ 46 ಡಿಗ್ರಿ ಉತ್ತರದಲ್ಲಿದೆ, ಬೆಂಗಳೂರು 13. ನಮ್ಮ ಅಪ್ಪಯ್ಯ ಕೂತು ಮತ್ತೆ ಲೆಕ್ಕ ಹಾಕಿದರು, ಪುರೋಹಿತರು ಕೊಟ್ಟ ಸಮಯದಲ್ಲಿ ಆ ಲಗ್ನವೇ ಇರಲಿಲ್ಲ.

ಇನ್ನೊಂದು. ಅಲ್ಲಿ ಸರೋವರದ ಗಾಳಿಗೆ ಹೊತ್ತು ಇದೆ. ಬೆಳಗ್ಗೆ ಉತ್ತರದಿಂದ ತಿವಾನೋ, ಮಧ್ಯಾಹ್ನದ ಮೇಲೆ ದಕ್ಷಿಣದಿಂದ ಬ್ರೇವಾ. ಬ್ರೇವಾ ಎದ್ದ ಮೇಲೆ ದಡದಲ್ಲಿ ದೀಪ ನಿಲ್ಲುವುದಿಲ್ಲ. ಬೆಳಗಿನ ಲಗ್ನ ಹುಡುಕಿ. ಹೋಮಕ್ಕೆ ವಿಲ್ಲಾದವರು ಕಲ್ಲು ಹಾಸಿನ ಮೇಲೆ ಮಾತ್ರ ಒಪ್ಪಿದರು. ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬ ಪಕ್ಕದಲ್ಲೇ ನಿಂತಿದ್ದ, ಅವನಿಗೆ 280 ಯೂರೋ. ಅರುಂಧತಿ ದರ್ಶನಕ್ಕೆ ಮಾತ್ರ ಆ ಊರು ಚೆನ್ನ. ಅಷ್ಟು ಉತ್ತರಕ್ಕೆ ಹೋದರೆ ಸಪ್ತರ್ಷಿ ಮಂಡಲ ಮುಳುಗುವುದೇ ಇಲ್ಲ. ಮೋಡ, ಬೆಟ್ಟ ಅಡ್ಡ ಇಲ್ಲದಿದ್ದರೆ ಆಯಿತು. ರಾತ್ರಿ ಎಲ್ಲರಿಗೂ ತೋರಿಸಿದೆವು.

ಮೈಸೂರು ಪಾರ್ವತಿ:
2018ರ ನವೆಂಬರ್‌ನಲ್ಲಿ ದೀಪಿಕಾ ಪಡುಕೋಣೆ ಮದುವೆ ಆಗಿದ್ದು ಲೆನ್ನೋದ ವಿಲ್ಲಾ ಡೆಲ್ ಬಾಲ್ಬಿಯಾನೆಲ್ಲೋದಲ್ಲಿ. ನಮ್ಮ ಸೊಸೆಗೂ ಅದೇ ಬೇಕು ಅಂತ ಹಟ. ನಾನು ಹೋಗಿ ನೋಡಿ ಬಂದೆ. ಜಾಗ ನೋಡಿದರೆ ಕಣ್ಣು ತುಂಬುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಗೇಟಿನ ತನಕ ಕಾರು ಹೋಗುವುದಿಲ್ಲ. ದೋಣಿ, ಇಲ್ಲವೇ ಲೆನ್ನೋದಿಂದ ಸುಮಾರು ಒಂದು ಕಿಲೋಮೀಟರ್ ನಡಿಗೆ. ನನ್ನ ಮಂಡಿಗೆ ಎರಡೂ ಆಗಲಿಲ್ಲ, ಬೇಡ ಅಂದೆ. ಕೊನೆಗೆ ಮೈಸೂರಿನಲ್ಲೇ ಧಾರೆ, ಆಮೇಲೆ ಗಂಡು ಹೆಣ್ಣು ಮತ್ತು ಸ್ನೇಹಿತರು ಮಾತ್ರ ಅಲ್ಲಿಗೆ. 800 ಜನ ಬಾಳೆಎಲೆ ಊಟ ಉಂಡು ಹರಸಿದರು. ಅದಕ್ಕಿಂತ ಏನು ಬೇಕು?

ಮಿಲಾನ್ ಕನ್ನಡತಿ:
800 ಜನರಲ್ಲಿ ಎಷ್ಟು ಜನರ ಹೆಸರು ನಿಮ್ಮ ಸೊಸೆಗೆ ಗೊತ್ತಿತ್ತು ಪಾರ್ವತಕ್ಕ? ನನ್ನ ಮದುವೆಯಲ್ಲಿದ್ದ ಪ್ರತಿಯೊಬ್ಬರ ಜೊತೆ ನಾನು ಕೂತು ಊಟ ಮಾಡಿದೆ.

ಮೈಸೂರು ಪಾರ್ವತಿ:
ಹೆಸರು ಗೊತ್ತಿಲ್ಲದಿದ್ದರೆ ನೆಂಟರಲ್ವಾ? ಅವರ ಮನೆ ಮದುವೆಗೆ ನಾವು ಹೋಗಿ ಮುಯ್ಯಿ ಮಾಡಿದ್ದೇವೆ, ನಮ್ಮ ಮನೆಗೆ ಅವರು ಬರಬೇಡವಾ? ನಿಮ್ಮ ಕಾಲದವರಿಗೆ ಇದು ಅರ್ಥವಾಗುವುದಿಲ್ಲ.

ಹುಬ್ಬಳ್ಳಿ ಅಣ್ಣ:
ಪಾರ್ವತಕ್ಕ ಹೇಳಿದ್ದು ನೂರಕ್ಕೆ ನೂರು ಸರಿ.

ಕೆಂಗೇರಿ ಕಾವ್ಯ:
ಮದುವೆ ನೋಂದಣಿ ಬಗ್ಗೆ ಯಾರೂ ಮಾತಾಡಿಲ್ಲ. ನಾವು ಅಲ್ಲಿನ ಪುರಸಭೆಯಲ್ಲೇ ಮಾಡಿಸಿದೆವು. ನುಲ್ಲಾ ಓಸ್ತಾ ಪತ್ರ ಬೇಕು, ಅಂದರೆ ಮದುವೆಗೆ ಅಡ್ಡಿ ಇಲ್ಲ ಅಂತ ನಮ್ಮ ದೂತಾವಾಸ ಕೊಡುವುದು. ಮಿಲಾನ್‌ನಲ್ಲೇ ನಮ್ಮ ಕಾನ್ಸುಲೇಟ್ ಇದೆ. ಇಟಾಲಿಯನ್ ಬರದಿದ್ದರೆ ದುಭಾಷಿ ಕಡ್ಡಾಯ, ನಮಗೆ 300 ಯೂರೋ ಆಯಿತು. ಕಾಗದಕ್ಕೆ ಅಪಾಸ್ಟೀಲ್ (ಹೊರದೇಶದಲ್ಲೂ ನಡೆಯುವ ದೃಢೀಕರಣ), ಅನುವಾದ, ಸ್ಟ್ಯಾಂಪು ಎಲ್ಲ ಸೇರಿ ಇನ್ನೂ 510. ಅತ್ತೆ ಮನೆಯವರು ಇದೆಲ್ಲ ದಂಡ ಅಂದರು. ನನಗೆ ಆ ಪತ್ರ ಹೆಮ್ಮೆ, ಫ್ರೇಮ್ ಹಾಕಿಸಿದ್ದೇನೆ.

ಬಸವನಗುಡಿ ಬೀಗರು:
ಧಾರೆ ಇಲ್ಲೇ ಮಾಡಿ ಬೆಂಗಳೂರಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿದರೆ 810 ಯೂರೋ ಉಳಿಯುತ್ತದೆ. ಅದರಲ್ಲಿ ಒಂದು ದೋಣಿ ಬರುತ್ತದೆ.

ಕೆಂಗೇರಿ ಕಾವ್ಯ:
ಸರ್, ನನ್ನ ಮದುವೆಯನ್ನು ನಿಮ್ಮ ದೋಣಿ ಲೆಕ್ಕಕ್ಕೆ ಹಾಕಬೇಡಿ.

ಜಯನಗರದ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ದಯವಿಟ್ಟು ಜಗಳ ಬೇಡ. ರೈಲು ಇದೆ ಅಂದಮೇಲೆ ವರೆನ್ನಾ ಅಂತಲೇ ಮನಸ್ಸಾಗುತ್ತಿದೆ. ಮೆಟ್ಟಿಲು ಕಡಿಮೆ ಇರುವ ಜಾಗ ಹುಡುಕಲು ಹೇಳುತ್ತೇನೆ. ಮಿಲಾನ್ ಅಕ್ಕ, ಹೋಮಕ್ಕೆ ತುಪ್ಪ ಕೊನೆಗೆ ಎಲ್ಲಿ ಸಿಕ್ಕಿತು?

ಮಿಲಾನ್ ಕನ್ನಡತಿ:
ಸೂಪರ್‌ಮಾರ್ಕೆಟ್‌ನಲ್ಲಿ ಉಪ್ಪಿಲ್ಲದ ಬೆಣ್ಣೆ ತಂದು, ವಿಲ್ಲಾ ಅಡುಗೆಮನೆಯಲ್ಲಿ ಅತ್ತೆಯೇ ಕಾಯಿಸಿದರು. ಬೆಣ್ಣೆಗೆ ಆಗಿದ್ದು 26 ಯೂರೋ. ಅಡುಗೆಮನೆ ಬಳಸಿದ್ದಕ್ಕೆ 150 ಕೇಳಿದರು, ಮಾತಾಡಿ 90ಕ್ಕೆ ಇಳಿಸಿದೆವು. ಅದನ್ನು ಈಗಲೇ ಕರಾರಿನಲ್ಲಿ ಬರೆಸಿಕೊಳ್ಳಿ.

ಬಸವನಗುಡಿ ಬೀಗರು:
ಐವಿಎ ಸೇರಿಸಿ 90ನಾ, ಬಿಟ್ಟು 90ನಾ?