ಹತ್ತನೇ ಕ್ಲಾಸಿನ ಮಕ್ಕಳಿಗೆ ಕಳೆಯೋ ಲೆಕ್ಕನೇ ಬರ್ತಿಲ್ಲ, ಎಲ್ಲಿಂದ ಶುರು ಮಾಡ್ಲಿ?

ಹೊಸ ಗಣಿತ ಟೀಚರ್:
ಎಲ್ಲರಿಗೂ ನಮಸ್ಕಾರ. ಈ ವರ್ಷ ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿಗೆ ಗಣಿತ ಟೀಚರಾಗಿ ಬಂದಿದೀನಿ. ಹತ್ತನೇ ಕ್ಲಾಸಲ್ಲಿ ಹತ್ತು ಹನ್ನೆರಡು ಮಕ್ಕಳಿದಾರೆ, ಬೋರ್ಡ್ ಮೇಲಿರೋದನ್ನ ನೀಟಾಗಿ ಬರ್ಕೋತಾರೆ, ಅಕ್ಷರ ಮುತ್ತು ಪೋಣಿಸಿದ ಹಾಗಿರುತ್ತೆ, ಆದ್ರೆ ಅದೇ ಲೆಕ್ಕದಲ್ಲಿ ಸಂಖ್ಯೆ ಬದಲಾಯ್ಸಿ ಕೊಟ್ರೆ ಪೆನ್ನೇ ಓಡಲ್ಲ. ಈಗ ವರ್ಗ ಸಮೀಕರಣ ನಡೀತಿದೆ, ಸೂತ್ರ ಕೇಳಿದ್ರೆ ಪಟಪಟ ಹೇಳ್ತಾರೆ, ಬೆಲೆ ಹಾಕು ಅಂದ್ರೆ ಅಲ್ಲೇ ನಿಂತ್ಬಿಡ್ತಾರೆ. ಈ ಮಕ್ಕಳನ್ನ ಹಿಂದಕ್ಕೆ ಕರ್ಕೊಂಡು ಹೋಗಿ ಬೇಸಿಕ್ಸ್ ಕಲಿಸ್ಲಾ, ಇಲ್ಲ ಸಿಲಬಸ್ ಮುಗಿಸ್ಲಾ? ಎರಡೂ ಆಗೋ ದಾರಿ ಇದ್ರೆ ಅನುಭವ ಇರೋರು ದಯವಿಟ್ಟು ಹೇಳಿ.

ಧಾರವಾಡ ಮಾಸ್ತರ:
ನಮಸ್ಕಾರ್ರೀ ಮೇಡಂ. ಮೊದಲ ಆ ಹುಡುಗ್ರ ತಪ್ಪು ಎಂಥವು ಅನ್ನೋದನ್ನ ನೋಡ್ರಿ. ಒಂದ ಹಾಳಿ ಮ್ಯಾಲ ಐದ್ನೇತ್ತಾ ಆರ್ನೇತ್ತಾ ಲೆಕ್ಕ ಕೊಡ್ರಿ, ಮಾರ್ಕ್ಸ್ ಹಾಕಬ್ಯಾಡ್ರಿ, ಹೆಂಗ ಮಾಡ್ಯಾರ ಅಂತಷ್ಟ ನೋಡ್ರಿ. 52ರಾಗ 27 ಕಳೀರಿ ಅಂದ್ರ 35 ಬರದಿರ್ತಾರ. ಯಾಕ? 2ರಾಗ 7 ಹೋಗಂಗಿಲ್ಲ, ಅದಕ್ಕ 7ರಾಗಿಂದ 2 ಕಳದು 5 ಬರೀತಾರ. ಇದು ಉಡಾಫಿ ಅಲ್ಲರೀ, ಹುಡುಗಾ ತನ್ನ ತಲಿಯೊಳಗ ಒಂದು ರೂಲ್ ಮಾಡ್ಕೊಂಡಾನ, ನಾಲ್ಕೈದು ವರ್ಷದಿಂದ ಅದ ರೂಲ್ ನಡಸ್ಕೊಂಡ ಬಂದಾನ, ಯಾರೂ ಕುಂತು ನೋಡಿಲ್ಲ.

ಇನ್ನೊಂದು, "ಮೈನಸ್ ಮೈನಸ್ ಪ್ಲಸ್" ಅಂತ ಬಾಯಿಪಾಠ ಮಾಡ್ಸಿರ್ತಾರಲ್ಲ, ಗುಣಾಕಾರದ ಮಾತನ್ನ ಕೂಡೂದಕ್ಕೂ ಹಚ್ಚಿ −3 −5 ಅಂದ್ರ +8 ಅಂತಾರ. ನಿಮ್ಮ ವರ್ಗ ಸಮೀಕರಣ ಸಿಗಬೀಳೂದೂ ಇಂಥಲ್ಲೇ. x² − 5x + 6 = 0 ತಗೋರಿ. ಸೂತ್ರದಾಗಿನ b ಅಂದ್ರ x ಮುಂದಿನ −5, ಅದರ ವರ್ಗ 25 ಆಗಬೇಕು, ಹುಡುಗಾ −25 ಬರೀತಾನ, ಅದರಾಗ 4ac, ಅಂದ್ರ 4×1×6 = 24 ಕಳದು −49 ಮಾಡ್ತಾನ, ವರ್ಗಮೂಲದ ಒಳಗ ಮೈನಸ್ ನೋಡಿ ಪೆನ್ ಕೆಳಗ ಇಡ್ತಾನ. ಅದನ್ನ ಆವರಣದಾಗ (−5)² ಅಂತ ಬರಿಯೂದು ರೂಢಿ ಆದ್ರ 25 − 24 = 1, ಉತ್ತರ 3 ಮತ್ತ 2, ಸಲೀಸು. ಅಂದ್ರ ಆ ಹುಡುಗಗ ಹತ್ನೇತ್ತಾ ಪಾಠ ತಿಳದಿಲ್ಲ ಅಂತಲ್ಲ, ಏಳ್ನೇತ್ತಾ ಪೂರ್ಣಾಂಕ ಕೈ ಹಿಡದು ಎಳ್ಯಾಕತ್ತೈತಿ.

ಹಿಂದಕ್ಕ ಹೋಗ್ಲೋ ಮುಂದಕ್ಕ ಹೋಗ್ಲೋ ಅಂತ ಚಿಂತಿ ಮಾಡಬ್ಯಾಡ್ರಿ. ದಿನಾ ಪೀರಿಯಡ್ಡಿನ ಮೊದಲ ಹತ್ತು ನಿಮಿಷ ಹಿಂದಿಂದು, ಅದೂ ಇವತ್ತಿನ ಪಾಠಕ್ಕ ಏನ ಬೇಕೋ ಅಷ್ಟ.

ಮೌಲ್ಯಮಾಪಕ:
ಮಾಸ್ತರರು ಹೇಳಿದ್ದು ಸರಿ, ಆದ್ರೆ ಡಿಸೆಂಬರ್ ಜನವರಿಗೆ ಬಂದ ಮೇಲೆ ಅಷ್ಟು ಟೈಮ್ ಇರಲ್ಲ ಅನ್ನೋದೂ ನಿಜ. ಮೇಡಂ, ಪತ್ರಿಕೆ ಸ್ವರೂಪ ಮಕ್ಕಳಿಗೆ ಗೊತ್ತಿರ್ಲಿ. ಗಣಿತಕ್ಕೆ ಲಿಖಿತ 80, ಆಂತರಿಕ 20. ಪರೀಕ್ಷಾ ಬೋರ್ಡ್ ಪ್ರತಿ ವರ್ಷ ಮಾದರಿ ಪ್ರಶ್ನೆಪತ್ರಿಕೆ ವೆಬ್‌ಸೈಟಲ್ಲಿ ಹಾಕುತ್ತೆ, ಅದನ್ನ ಮೂರು ಗಂಟೆ ಕೂರಿಸಿ ನಿಜವಾದ ಪರೀಕ್ಷೆ ತರಾನೇ ಬರೆಸಿ. ಎರಡು ರೇಖಾತ್ಮಕ ಸಮೀಕರಣಗಳನ್ನ ನಕ್ಷೆ ಎಳೆದು ಬಿಡಿಸೋದು, ಥೇಲ್ಸ್ ಪ್ರಮೇಯ, ಬಾಹ್ಯ ಬಿಂದುವಿನಿಂದ ಎಳೆದ ಸ್ಪರ್ಶಕಗಳು ಸಮ ಅನ್ನೋ ಸಾಧನೆ, ಸರಾಸರಿ ಮಧ್ಯಾಂಕದ ಕೋಷ್ಟಕ, ಇವೆಲ್ಲ ನಿಧಾನ ಕಲಿಯೋ ಮಕ್ಕಳ ಕೈಗೂ ಸಿಗೋಂಥವು.

ಮುಖ್ಯವಾದ್ದು ಇನ್ನೊಂದಿದೆ. ಖಾಲಿ ಬಿಡೋದನ್ನ ನಿಲ್ಲಿಸಿ. ಹಂತಹಂತಕ್ಕೂ ಅಂಕ ಇರುತ್ತೆ. ಸೂತ್ರ ಬರೆದು ಬೆಲೆ ಸರಿಯಾಗಿ ಹಾಕಿ ಕೊನೇಲಿ ತಪ್ಪಿದ್ರೂ ಅಲ್ಲೀವರೆಗಿನ ಅಂಕ ಸಿಗುತ್ತೆ, ಪ್ರಮೇಯಕ್ಕೆ ಚಿತ್ರ, ದತ್ತ, ಸಾಧನೀಯ ಬರೆದ್ರೂ ಅಷ್ಟೇ. ಎಷ್ಟೋ ಮಕ್ಕಳು ಉತ್ತರ ಬರ್ಲಿಲ್ಲ ಅಂತ ಚೆನ್ನಾಗಿರೋ ಹಂತಗಳನ್ನೇ ಅಡ್ಡಗೆರೆ ಎಳೆದು ಹೊಡೆದುಹಾಕಿರ್ತಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಕನ್ನಡ ಮೀಡಿಯಂ ಹುಡುಗಿ:
ನಾನು ಟೀಚರ್ ಅಲ್ಲ, ಈಗ ಡಿಗ್ರಿ ಓದ್ತಿದೀನಿ, ಆದ್ರೂ ವಿದ್ಯಾರ್ಥಿ ಕಡೆಯಿಂದ ಒಂದು ಮಾತು. ಬಿಡಿಸಿರೋ ಲೆಕ್ಕ ಓದಿದಾಗ ಎಲ್ಲಾ ಬರುತ್ತೆ ಅನ್ಸುತ್ತೆ, ಮುಚ್ಚಿಟ್ಟು ಖಾಲಿ ಹಾಳೆ ಮೇಲೆ ಮಾಡಿದಾಗ್ಲೇ ಎಲ್ಲಿ ಬರಲ್ಲ ಅಂತ ಗೊತ್ತಾಗೋದು. ಇದಕ್ಕೆ ಸಂಶೋಧನೆನೂ ಇದೆ, ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನೋರು 2006ರಲ್ಲಿ ಪ್ರಕಟಿಸಿದ್ದು, ಕೆಲವರಿಗೆ ಒಂದು ಪಠ್ಯ ಮತ್ತೆ ಓದೋಕೆ ಹೇಳಿದ್ರು, ಕೆಲವರಿಗೆ ಓದಿದ್ದನ್ನ ನೆನಪಿಂದ ಬರೀರಿ ಅಂದ್ರು. ಐದು ನಿಮಿಷದ ನಂತರ ಕೇಳಿದ್ರೆ ಮತ್ತೆ ಓದಿದವರೇ ಮುಂದೆ, ಒಂದು ವಾರದ ನಂತರ ಕೇಳಿದ್ರೆ ನೆನಪಿಂದ ಬರೆದವರು ಮುಂದೆ. ಅದಕ್ಕೇ ಮೇಡಂ, ಬೋರ್ಡ್ ಮೇಲೆ ಒಂದು ಲೆಕ್ಕ ಮಾಡಿ, ಅಳಿಸ್ಬಿಡಿ, ನೋಟ್‌ಬುಕ್ ಮುಚ್ಚಿಸಿ ಅದನ್ನೇ ಮಾಡೋಕೆ ಹೇಳಿ. ಕಾಪಿ ಮಾಡೋ ಅಭ್ಯಾಸ ಅಲ್ಲೇ ಬಿಟ್ಟೋಗುತ್ತೆ. ಮತ್ತೆ ದಯವಿಟ್ಟು ಬರದೇ ಇರೋರನ್ನ ಎಲ್ಲರ ಮುಂದೆ ಬೋರ್ಡಿಗೆ ಕರೀಬೇಡಿ, ಆ ಭಯಕ್ಕೇ ಗಣಿತದ ದಿನ ಸ್ಕೂಲು ತಪ್ಪಿಸೋರು ನಮ್ಮ ಕ್ಲಾಸಲ್ಲಿ ಇದ್ರು.

ಹೊಸ ಗಣಿತ ಟೀಚರ್:
ತುಂಬಾ ಥ್ಯಾಂಕ್ಸ್ ಎಲ್ರಿಗೂ, 52−27 ಇವತ್ತೇ ಕೊಟ್ಟು ನೋಡ್ದೆ, 35 ಅಂತ ಬರೆದೋರು ಇದಾರೆ! ಒಂದು ಅನುಮಾನ, ಚೆನ್ನಾಗಿ ಮಾಡೋ ಮಕ್ಕಳು ಆ ಹತ್ತು ನಿಮಿಷ ಸುಮ್ನೆ ಕೂರ್ಬೇಕಾ? ಮತ್ತೆ ಕೂಲಿ ಕೆಲಸ, ಹತ್ತಿ ಬಿಡ್ಸೋದು ಅಂತ ವಾರಗಟ್ಲೆ ಬರದೇ ಇರೋರನ್ನ ಏನ್ ಮಾಡ್ಲಿ?

ಧಾರವಾಡ ಮಾಸ್ತರ:
ಸರ್ಕಾರಿ ಸಾಲಿ ಸಣ್ಣ ಹುಡುಗ್ರಿಗೆ ಕಲಸೂ ನಲಿಕಲಿ ಪದ್ಧತಿ ಗೊತ್ತಲ್ರೀ ನಿಮಗ, 1995ರ ಸುಮಾರಿಗೆ ಮೈಸೂರು ಜಿಲ್ಲಾದ ಎಚ್.ಡಿ. ಕೋಟೆ ಕಡೆ ಶುರುವಾತು, ಅಲ್ಲಿ ಮಗು ಕಲಿಕಾ ಏಣಿಯೊಳಗ ಯಾವ ಮೆಟ್ಟಲದಾಗ ಐತಿ ನೋಡಿ ಗುಂಪು ಮಾಡ್ತಾರ. ಅದನ್ನ ಹೈಸ್ಕೂಲಿನ್ಯಾಗೂ ಆ ಹತ್ತು ನಿಮಿಷಕ್ಕ ಮಾಡಬಹುದು. ಮೂರು ಗುಂಪು, ಮೂರು ಥರದ ಚೀಟಿ, ಬರೂ ಹುಡುಗ್ರಿಗೆ ಹಿಂದಿನ ವರ್ಷದ ನಾಲ್ಕ ಅಂಕದ ಪ್ರಶ್ನೆ. ಗುಂಪಿಗೆ ದಡ್ಡರು ಶಾಣ್ಯಾರು ಅನ್ನೂ ಹೆಸರು ಬರದಂಗ ನೋಡ್ಕೋರಿ, ಎರಡ ವಾರಕ್ಕೊಮ್ಮೆ ಬದಲಿ ಮಾಡ್ರಿ.

ಹತ್ತಿ ಸೀಸನ್ನಿನ ಹುಡುಗ್ರದು ಕಷ್ಟ ಐತಿ, ಸುಳ್ಳ ಹೇಳೂದಿಲ್ಲ. ಅವ್ವ ಅಪ್ಪನ ಜೋಡಿ ಸಂಜಿಮುಂದ ಹೋಗಿ ಮಾತಾಡ್ರಿ, ಫೋನ್ ಬ್ಯಾಡ, ಮನಿಗೇ ಹೋಗ್ರಿ. ಅರ್ಧ ದಿನಾ ಆದ್ರೂ ಕಳಸ್ರಿ ಅಂತ ಕೇಳ್ರಿ. ಬಿಟ್ಟ ಪಾಠದ ಒಂದೊಂದು ಬಿಡಿಸಿದ ಲೆಕ್ಕ, ಅದರ ಕೆಳಗ ಬಿಡಿಸದ ಎರಡು, ಅಂತ ಹಾಳಿ ಮಾಡಿ ಓಣಿ ಹುಡುಗ್ರ ಕೈಯಾಗ ಕಳಸ್ರಿ.

ಮೌಲ್ಯಮಾಪಕ:
ಇನ್ನೊಂದು ಸೇರಿಸ್ತೀನಿ. 2023-24ರಿಂದ ಪರೀಕ್ಷೆ 1, ಪರೀಕ್ಷೆ 2 ಅಂತ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಬಂದಿದೆ. ಮೊದಲನೇದ್ರಲ್ಲಿ ಗಣಿತ ಹೋದ್ರೆ ಮನೇಲಿ ಓದು ಬಿಡಿಸ್ಬಿಡ್ತಾರೆ, ಹೆಣ್ಣುಮಕ್ಕಳದ್ದಂತೂ ಕೇಳೋದೇ ಬೇಡ. ರಿಸಲ್ಟ್ ಬಂದ ವಾರದಲ್ಲೇ ನೀವೇ ಮುಂದೆ ನಿಂತು ಪರೀಕ್ಷೆ 2ಕ್ಕೆ ಹೆಸರು ಕಟ್ಟಿಸಿ, ರಜದಲ್ಲಿ ಅವರನ್ನಷ್ಟೇ ಕರೆಸಿ ಕೂರಿಸಿ.